ಹಿಮದ ಅಂಚಿಗೆ ಎರಡು ಗೆರೆ

ನಾನು ಆ ಪರ್ವತವನ್ನು ಒಮ್ಮೆಯೂ ಬದಿಯಿಂದ ನೋಡಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ ಏಳೆಂಟು ಗಂಟೆ ಅದರ ಮುಂದೆ ಕುಳಿತಿದ್ದೆ. ನೋಡಿದ್ದೆಲ್ಲ ಮೇಲಿನಿಂದ, ಉಪಗ್ರಹ ತೆಗೆದ ಚಿತ್ರಗಳಲ್ಲಿ. ದಕ್ಷಿಣ ಧ್ರುವದ ಕಡೆಯ ಸಮುದ್ರದಲ್ಲಿ ಒಂದು ದ್ವೀಪ. ಅಲ್ಲಿ ಜನವಸತಿ ಇಲ್ಲ, ವಿಮಾನ ಇಳಿಯುವ ಜಾಗ ಇಲ್ಲ. ದ್ವೀಪದ ನಡುವೆ, ನೆತ್ತಿಯಿಂದ ಹೆಚ್ಚುಕಡಿಮೆ ಸಮುದ್ರದವರೆಗೆ ಹಿಮ ಹೊದ್ದ ಒಂದು ಶಿಖರ. ಮೇಲಿನಿಂದ ಅದು ಪರ್ವತದ ಹಾಗೆ ಕಾಣುವುದಿಲ್ಲ. ಹಿಂಡಿ ನೆಲಕ್ಕೆ ಎಸೆದ ಬಿಳಿ ಬಟ್ಟೆಯ ಹಾಗೆ ಕಾಣುತ್ತದೆ.

ನಮ್ಮ ಆಫೀಸು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದೆ, ಗಡಿಯಾರದ ಅಂಗಡಿಯೊಂದರ ಮೇಲೆ, ಮೂರನೆಯ ಮಹಡಿಯಲ್ಲಿತ್ತು. ಹನ್ನೆರಡು ಮಂದಿ ಇದ್ದೆವು. ಹೆಚ್ಚಿನವರು ರಸ್ತೆ, ಚರಂಡಿ, ಪ್ಲಾಟುಗಳ ನಕ್ಷೆ ಮಾಡುತ್ತಿದ್ದರು. ಯುರೋಪಿನ ಒಂದು ಸಂಸ್ಥೆ ಧ್ರುವದ ದ್ವೀಪಗಳಲ್ಲಿ ಹಿಮ ಎಷ್ಟು ಉಳಿದಿದೆ ಎಂದು ಗುರುತಿಸುವ ಕೆಲಸವನ್ನು ನಮ್ಮ ಕಂಪನಿಗೆ ಕೊಟ್ಟಿತ್ತು. ಆ ಕೆಲಸಕ್ಕೆ ಇದ್ದವರು ಇಬ್ಬರೇ, ನಾನು ಮತ್ತು ಕಾಕ.

ಹಿರಿಯರೆಂದು ನಾನು ಕಾಕ ಎಂದು ಕರೆಯುತ್ತಿದ್ದವರು ಉಳ್ಳಾಲದ ಕಡೆಯ ಬ್ಯಾರಿ, ಐವತ್ತೇಳರ ಆಸುಪಾಸು. ಯೌವನದಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಗಲ್ಫಿಗೆ ಬಂದವರು. ಓರೆ ಹಲಗೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ ಕಾಲದಿಂದ ಕಂಪ್ಯೂಟರಿನ ಕಾಲಕ್ಕೆ ಒಂದು ದಿನವೂ ಕೆಲಸ ಬಿಡದೆ ದಾಟಿ ಬಂದಿದ್ದರು. ನಾನು ಭೂಗೋಳದಲ್ಲಿ ಎಂ.ಎಸ್‌ಸಿ. ಮುಗಿಸಿ ಉಡುಪಿಯಿಂದ ಬಂದವಳು. ಮೊದಲ ದಿನ ಅವರು ನನ್ನ ಊರು ಕೇಳಿದರು, ನನ್ನ ಉತ್ತರ ಕೇಳಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

“ಡಿಗ್ರಿಯಲ್ಲಿ ಎಂತ ಹೇಳಿ ಕೊಟ್ಟಿದ್ದಾರೆ ಅದನ್ನು ಒಂದು ವಾರ ಮರ್ತುಬಿಡು ಮಗಳೇ,” ಎಂದರು. “ಐಸ್ ಎಲ್ಲಿ ಮುಗೀತದೆ ಅಂತ ಹುಡುಕ್ಲಿಕ್ಕೆ ಹೋಗ್ಬೇಡ. ಕಲ್ಲು ಎಲ್ಲಿ ಶುರುವಾಗ್ತದೆ ಅಂತ ಹುಡುಕು.”

ಆ ಶಿಖರಕ್ಕೆ ಕಡತದಲ್ಲಿ ಒಂದು ನಂಬರ್ ಇತ್ತು. ಕಾಕ ಅದನ್ನು ಹಾಜಿಯವರು ಎನ್ನುತ್ತಿದ್ದರು. ಮೈತುಂಬ ಬಿಳಿ, ತಲೆಯ ಮೇಲೆ ಸದಾ ಮೋಡದ ಟೊಪ್ಪಿ. ಆ ಕಡೆ ವರ್ಷದ ಬಹುಪಾಲು ಮೋಡ. ಒಳ್ಳೆಯ ಚಿತ್ರ ಸಿಗುವುದು ಅಲ್ಲಿನ ಬೇಸಿಗೆಯ ಕೊನೆಯಲ್ಲಿ, ಎರಡೋ ಮೂರೋ. “ಹಾಜಿಯವರು ಇವತ್ತು ಮುಖ ತೋರಿಸಿದ್ರಾ?” ಎಂದು ಕೇಳುತ್ತಲೇ ಅವರು ಬೆಳಿಗ್ಗೆ ಒಳಗೆ ಬರುತ್ತಿದ್ದರು. ದುಬೈಯ ಅಲ್ ನಹ್ದಾದಿಂದ ಕಾರ್‌ಲಿಫ್ಟಿನಲ್ಲಿ, ಅಂದರೆ ಐದಾರು ಮಂದಿ ತಿಂಗಳ ಬಾಡಿಗೆಗೆ ಹಂಚಿಕೊಂಡ ಒಂದು ವ್ಯಾನಿನಲ್ಲಿ ಬರುತ್ತಿದ್ದರು. ಮಗಳ ಶಾಲೆ ಆ ಕಡೆ ಇದ್ದುದರಿಂದ ಮನೆ ಬದಲಿಸಿರಲಿಲ್ಲ. ಮೊದಲು ತಾವೇ ಕಾರು ಓಡಿಸಿಕೊಂಡು ಬರುತ್ತಿದ್ದರಂತೆ. ಈಗ ಪಾರ್ಕಿಂಗ್ ಸಿಗುವುದಿಲ್ಲ ಎಂದು ಬಿಟ್ಟಿದ್ದೇನೆ ಎನ್ನುತ್ತಿದ್ದರು.

ಕೆಲಸದ ಕ್ರಮವನ್ನು ಇಲ್ಲಿ ಹೇಳಲೇಬೇಕು. ಹೊಸದರ ಜೊತೆಗೆ ಹಳೆಯ ವರ್ಷಗಳ ಚಿತ್ರಗಳೂ ತಿಂಗಳಿಗೊಂದು ಕಂತಿನಂತೆ ಬರುತ್ತಿದ್ದವು. ಒಂದೇ ಚಿತ್ರವನ್ನು ಇಬ್ಬರಿಗೂ ಕೊಡುತ್ತಾರೆ. ಹಿಮದ ಅಂಚನ್ನು ನಾನು ಒಮ್ಮೆ ಎಳೆಯಬೇಕು, ಕಾಕ ಒಮ್ಮೆ ಎಳೆಯಬೇಕು. ಒಬ್ಬರು ಎಳೆದದ್ದನ್ನು ಇನ್ನೊಬ್ಬರು ನೋಡುವಂತಿಲ್ಲ. ಆಮೇಲೆ ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನಡುವಿನ ಅಂತರ ಅಳೆಯುತ್ತಾರೆ. ಇಬ್ಬರೂ ಒಪ್ಪಿದ ಕಡೆ ಅಂಚು ಖಚಿತ. ಅಂತರ ಹೆಚ್ಚಿದ್ದ ಕಡೆ ಅನುಮಾನ. ಯುರೋಪಿನವರಿಗೆ ಗೆರೆಯಷ್ಟೇ ಆ ಅನುಮಾನವೂ ಬೇಕಿತ್ತು. ಹಿಮ ಎಷ್ಟು ಕರಗಿದೆ ಎಂದು ಹೇಳುವಾಗ, ಇಷ್ಟರಮಟ್ಟಿಗೆ ನಾವು ತಪ್ಪಿರಬಹುದು ಎಂದೂ ಹೇಳಬೇಕಲ್ಲ.

ಭೂಮಿಯ ಆ ಅರ್ಧದಲ್ಲಿ ಬಿಸಿಲು ಉತ್ತರದಿಂದ ಬೀಳುತ್ತದೆ. ಶಿಖರದ ದಕ್ಷಿಣದ ಮುಖ ಯಾವಾಗಲೂ ಕತ್ತಲು. ಆ ನೆರಳಿನಲ್ಲಿ ಕೊಳೆ ಹಿಮ ಮತ್ತು ಕರಿಗಲ್ಲು ಒಂದೇ ಬಣ್ಣ. ಬಿಸಿಲಿನ ಬದಿಯಲ್ಲಿ ನಮ್ಮ ಗೆರೆಗಳ ನಡುವೆ ಚಿತ್ರದ ಒಂದು ಚುಕ್ಕೆಯಷ್ಟು ಅಂತರವಿದ್ದರೆ, ಅಂದರೆ ನೆಲದ ಮೇಲೆ ಹತ್ತು ಮೀಟರ್, ನೆರಳಿನ ಬದಿಯಲ್ಲಿ ನಾಲ್ಕೈದು ಚುಕ್ಕೆ ಇರುತ್ತಿತ್ತು. ಅದು ಸಹಜವೇ.

ಎರಡನೆಯ ವರ್ಷದ ಮೇ ತಿಂಗಳಲ್ಲಿ ಎರಡೂ ಗೆರೆಗಳನ್ನು ಜೋಡಿಸುವ ಸರದಿ ನನ್ನದಾಗಿತ್ತು. ದಕ್ಷಿಣದಲ್ಲಿ ಕಾಕನ ಗೆರೆ ಒಂದು ದೊಡ್ಡ ಬಂಡೆಯ ಮೇಲೆಯೇ ನೇರವಾಗಿ ಹಾದುಹೋಗಿತ್ತು. ಆ ಬಂಡೆಯನ್ನು ಮೊದಲ ವಾರ ನನಗೆ ತೋರಿಸಿಕೊಟ್ಟವರೇ ಅವರು. ಕೈತಪ್ಪಿರಬೇಕು ಎಂದುಕೊಂಡು ಅವರ ಮೇಜಿನ ಬಳಿ ಹೋದೆ. ಮುಖವನ್ನು ಪರದೆಗೆ ಒಂದು ಗೇಣು ದೂರದಲ್ಲಿ ಇಟ್ಟು, ತಲೆ ಓರೆ ಮಾಡಿ, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಕುಳಿತಿದ್ದರು.

“ಎಂತ ಮಗಳೇ, ಬಾಗಿಲು ತಟ್ಟಿ ಬರ್ಲಿಕ್ಕಿಲ್ವಾ?” ಎಂದರು. ಅಲ್ಲಿ ಬಾಗಿಲೇ ಇರಲಿಲ್ಲ.

“ಕಾಕ, ಆ ಬಂಡೆ…”

“ಯಾವ ಬಂಡೆ?”

ಅವರು ಕೈ ಇಳಿಸಿದರು. ಊಟದ ಹೊತ್ತಿಗೆ ಮಹಡಿ ಮೆಟ್ಟಿಲ ಬಳಿ ಹೇಳಿದರು. “ಶುಗರಿನದ್ದು. ಬಲದ ಕಣ್ಣಲ್ಲಿ ಎಲ್ಲಿ ನೋಡ್ತೇನೋ ಅಲ್ಲೇ ಕಾಣುದಿಲ್ಲ. ಅದರ ಸುತ್ತ ಎಲ್ಲ ಕಾಣ್ತದೆ. ತಮಾಷೆ ಅಲ್ವಾ? ಎಡದ್ದು ಸುಮಾರು ಉಂಟು. ಬಿಸಿಲಿದ್ದ ಕಡೆ ಸಾಕಾಗ್ತದೆ.”

“ಡಾಕ್ಟರು?”

“ಮುರಕ್ಕಬಾತಿನಲ್ಲಿ ಒಬ್ಬ ಡಾಕ್ಟರ್ ನೋಡಿದ್ದಾರೆ. ಕಣ್ಣಿಗೇ ಇಂಜೆಕ್ಷನ್ ಹಾಕ್ಬೇಕಂತೆ. ಇನ್ಶೂರೆನ್ಸಿಗೆ ಕಾಗದ ಹೋದ್ರೆ ಆಫೀಸಿಗೆ ಗೊತ್ತಾಗ್ತದೆ. ಗೆರೆ ಎಳೆಯುವವನಿಗೆ ಕಣ್ಣಿಲ್ಲ ಅಂತ ಗೊತ್ತಾದ ದಿನ ಖಲಾಸ್.”

ಹಾಗೆ ಆಫೀಸಿಗೆ ತಿಳಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವರು ಹಾಗೆ ನಂಬಿದ್ದರು. ಅವರ ಮಗಳು ಆ ವರ್ಷ ಹನ್ನೆರಡನೆಯ ತರಗತಿ. ಹೆಂಡತಿ, ಮಗಳು ಇಬ್ಬರ ವೀಸಾ ಅವರ ಕೆಲಸಕ್ಕೆ ಕಟ್ಟಿಕೊಂಡಿತ್ತು. ಕೆಲಸ ಹೋದರೆ ಮೂವರೂ ಹೊರಡಬೇಕು. ಬೋರ್ಡ್ ಪರೀಕ್ಷೆಯ ವರ್ಷ ನಡುವೆ ಬಿಟ್ಟು ಹೋದ ಹುಡುಗಿಯನ್ನು ಊರಿನಲ್ಲಿ ಯಾವ ಶಾಲೆಯೂ ಆ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲ.

“ಮಾರ್ಚಿನವರೆಗೆ,” ಎಂದರು ಕಾಕ. “ಅವಳ ಕಡೆಯ ಪೇಪರ್ ಮುಗಿದ ಮರುದಿನ ನಾನೇ ಹೋಗಿ ಮ್ಯಾನೇಜರಿಗೆ ಹೇಳ್ತೇನೆ. ಅಷ್ಟರವರೆಗೆ ಆ ಕತ್ತಲೆ ಬದಿ ಮಾತ್ರ ನೀನು ಸ್ವಲ್ಪ ನೋಡ್ತೀಯಾ?”

ನಾನು ತಲೆಯಾಡಿಸಿದೆ. ಯೋಚಿಸಲು ಒಂದು ದಿನ ಕೇಳಬಹುದಿತ್ತು. ಕೇಳಲಿಲ್ಲ.

ಹೀಗೆ ಜೂನಿನಿಂದ ಆ ಪರ್ವತದ ದಕ್ಷಿಣದ ಮುಖವನ್ನು ನಾನು ಎರಡು ಬಾರಿ ಎಳೆಯತೊಡಗಿದೆ. ಮಧ್ಯಾಹ್ನ ಕೆಲವರು ನಮಾಜಿಗೆ, ಕೆಲವರು ಊಟಕ್ಕೆ ಹೋದಾಗ ಕಾಕನ ಕುರ್ಚಿಯಲ್ಲಿ ಕೂರುತ್ತಿದ್ದೆ. ಯಾರಾದರೂ ಬಂದರೆ ಅವರ ಸಾಫ್ಟ್‌ವೇರ್ ಸರಿಮಾಡುತ್ತಿದ್ದೇನೆ ಎನ್ನುವುದು. ನನ್ನ ಗೆರೆಯನ್ನೇ ನಕಲು ಮಾಡಿ ಸ್ವಲ್ಪ ಸರಿಸಿದರೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಅವರ ಹಳೆಯ ಕಡತಗಳನ್ನು ತೆರೆದು ಅವರ ಕೈಯನ್ನು ಕಲಿತೆ. ನಾನು ಬಿಂದುಗಳನ್ನು ಒತ್ತೊತ್ತಾಗಿ ಇಡುವವಳು. ಅವರು ದೂರ ದೂರ ಇಡುತ್ತಿದ್ದರು, ತಿರುವು ಬಂದಾಗ ಮಾತ್ರ ಎರಡು ಬಿಂದು ಪಕ್ಕಪಕ್ಕ. ಶಾಯಿಯ ಪೆನ್ನನ್ನು ತಿರುವಿನಲ್ಲಿ ಎತ್ತಿ ಮತ್ತೆ ಇಟ್ಟು ರೂಢಿಯಾದ ಕೈ ಅದು. ಹಿಮದ ಅಂಚಿನ ಮಡಿಕೆಗಳ ಒಳಗೆ ಅವರು ಆಳಕ್ಕೆ ಹೋಗುತ್ತಿರಲಿಲ್ಲ, ಮಡಿಕೆಯ ಬಾಯಿಯಲ್ಲೇ ದಾಟುತ್ತಿದ್ದರು. ಒಂದು ತಿಂಗಳಿನಲ್ಲಿ ನನಗೆ ಅದೆಲ್ಲ ಬಂತು. ಬಂದದ್ದಕ್ಕೆ ಒಳಗೊಳಗೆ ಹೆಮ್ಮೆಯೂ ಇತ್ತು.

ನನಗೆ ಹೊಳೆಯದಿದ್ದದ್ದು ಒಂದು. ಕೈಯನ್ನು ಬದಲಿಸಬಹುದು, ಆದರೆ ನೋಡುವ ಕಣ್ಣು ನನ್ನದೇ. ಆ ಕತ್ತಲಿನಲ್ಲಿ ಹಿಮ ಇಲ್ಲಿಗೆ ಮುಗಿಯುತ್ತದೆ ಎಂದು ನಾನು ಒಮ್ಮೆ ಅಂದುಕೊಂಡರೆ, ಕಾಕನ ಕುರ್ಚಿಯಲ್ಲಿ ಕುಳಿತಾಗಲೂ ಅಲ್ಲಿಗೇ ಮುಗಿಯುತ್ತಿತ್ತು.

ಅಕ್ಟೋಬರಿನಲ್ಲಿ ಯುರೋಪಿನಿಂದ ಪತ್ರ ಬಂತು. ಅತ್ಯಂತ ಕಷ್ಟದ ಭಾಗದಲ್ಲಿ ಇಬ್ಬರ ಗೆರೆಗಳ ಹೊಂದಾಣಿಕೆ ಬಹಳ ಸುಧಾರಿಸಿದೆ, ಅಭಿನಂದನೆ, ಎಂದು. ಮ್ಯಾನೇಜರ್ ಮಲಯಾಳಿ, ಕೆಟ್ಟವರಲ್ಲ, ನಮ್ಮೊಡನೆ ಹಿಂದಿ ಇಂಗ್ಲಿಷ್ ಬೆರೆಸಿ ಮಾತನಾಡುತ್ತಿದ್ದರು. ಪತ್ರವನ್ನು ಎಲ್ಲರ ಮುಂದೆ ಓದಿ, ಒಂದು ದೊಡ್ಡ ತಟ್ಟೆ ಕುನಾಫ ತರಿಸಿದರು. ಕಾಕನಿಗೆ ಸಿಹಿ ಕೂಡದು. ಒಂದು ಚೂರು ಬಾಯಿಗೆ ಹಾಕಿಕೊಂಡು, “ಹಾಜಿಯವರ ಬರ್ಕತ್ತು,” ಎಂದು ಎಲ್ಲರನ್ನೂ ನಗಿಸಿದರು. ನನ್ನ ಪಾಲು ನನ್ನ ಮೇಜಿನ ಮೇಲೆಯೇ ಗಟ್ಟಿಯಾಯಿತು.

ನವೆಂಬರಿನ ಕೊನೆಯಲ್ಲಿ ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು.

“ಒಳ್ಳೆಯ ಸುದ್ದಿಯೂ ಹೌದು, ಅಲ್ಲವೂ ಹೌದು,” ಎಂದರು. “ನಿಮ್ಮ ಇಬ್ಬರ ಗೆರೆ ಇಷ್ಟು ಹತ್ತಿರ ಇರುವಾಗ ಎರಡನೆಯ ಗೆರೆ ಯಾಕೆ ಎಂದು ಯುರೋಪಿನವರು ಕೇಳುತ್ತಿದ್ದಾರೆ. ಫೆಬ್ರವರಿಯಿಂದ ಒಬ್ಬರೇ ಸಾಕು. ನೀವು ಇರುತ್ತೀರಿ. ಭಾಯಿಗೂ ವಯಸ್ಸಾಯಿತು. ಜನವರಿ ಕೊನೆಗೆ ಬಿಡುತ್ತೇವೆ. ನಾನು ಈಗಲೇ ಅವರಿಗೂ ಹೇಳುತ್ತೇನೆ.”

ನನ್ನ ಬಾಯಿಯಲ್ಲಿ ಒಂದು ವಾಕ್ಯ ಸಿದ್ಧವಿತ್ತು. ಎರಡನೆಯ ಗೆರೆಯೂ ನನ್ನದೇ ಸರ್. ಅದನ್ನು ಹೇಳಿದರೆ ಕಾಕನ ಕಣ್ಣಿನ ವಿಷಯ ಹೊರಬೀಳುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಎರಡೂ ನಿಜ. ಮೊದಲು ನೆನಪಾದದ್ದು ನನ್ನ ಕೆಲಸ. “ಸರಿ ಸರ್,” ಎಂದು ಎದ್ದು ಬಂದೆ.

ಆ ಮಧ್ಯಾಹ್ನ ಕಾಕ ಕ್ಯಾಬಿನ್ನಿನಿಂದ ಹೊರಬಂದು ಗೋಡೆಯ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತರು. ಹಾಳೆಗಳನ್ನು ಮೇಲೆತ್ತಿ, ತಲೆ ಓರೆ ಮಾಡಿ, ಏನನ್ನೋ ನೋಡಿದರು. ಆಮೇಲೆ ಚಹಾ ಕುಡಿಯಲು ಹೋದರು. ನನ್ನ ಮೇಜಿನ ಬಳಿ ಬಂದಾಗ, “ಯಲ್ಲಾ ಮಗಳೇ, ಡಿಸೆಂಬರಿನ ಕಂತು ಬೇಗ ಮುಗಿಸುವ,” ಎಂದರು, ಅಷ್ಟೆ. ನಾನು ಏನೂ ಕೇಳಲಿಲ್ಲ. ಇನ್ನೊಬ್ಬರ ಸಂಕಟದ ಬಾಗಿಲಲ್ಲಿ ನಿಂತು ಕೇಳುವುದು ನನಗೆ ಬರುವುದಿಲ್ಲ. ಅದನ್ನು ನಾನು ಮರ್ಯಾದೆ ಎಂದು ತಿಳಿದಿದ್ದೆ.

ಕೇಳುವ ಬದಲು ನಾನು ಒಂದು ಉಪಾಯ ಮಾಡಿದೆ. ಗೆರೆಗಳು ಹತ್ತಿರ ಬಂದದ್ದರಿಂದ ಕಾಕ ಬೇಡವಾದರು. ಹಾಗಾದರೆ ಗೆರೆಗಳು ಮತ್ತೆ ದೂರ ಹೋಗಲಿ. ಅನುಮಾನ ಇನ್ನೂ ಇದೆ, ಎರಡನೆಯ ಗೆರೆ ಬೇಕೇ ಬೇಕು ಎಂದು ಯುರೋಪಿನವರಿಗೆ ಕಾಣಲಿ. ಡಿಸೆಂಬರಿನ ಕಂತಿನಲ್ಲಿ ಕಾಕನ ದಕ್ಷಿಣದ ಗೆರೆಯನ್ನು ಮೂರು ಮಧ್ಯಾಹ್ನ ಕುಳಿತು ಕೆಡಿಸಿದೆ. ಒಂದು ಕಡೆ ಐದು ಚುಕ್ಕೆ ಹೊರಗೆ, ಒಂದು ಕಡೆ ಆರು ಚುಕ್ಕೆ ಒಳಗೆ. ಎರಡು ಸಣ್ಣ ಬಂಡೆಗಳನ್ನು ಹಿಮ ಮಾಡಿದೆ. ಎಚ್ಚರದಿಂದಲೇ ಮಾಡಿದೆ. ಅಷ್ಟೂ ಹೊತ್ತು ನಾನು ಅವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅವರಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎಂದಾರು ಅನ್ನಿಸಿತ್ತು.

ಕಂತು ಒಂದು ವಾರದೊಳಗೆ ಯುರೋಪಿನಿಂದ ಹಿಂದೆ ಬಂತು. ಎರಡನೆಯವರ ಗೆರೆ ದಕ್ಷಿಣದಲ್ಲಿ ಬಳಸುವಂತಿಲ್ಲ, ದಯವಿಟ್ಟು ವಿವರಿಸಿ. ಮ್ಯಾನೇಜರ್ ಕಾಕನ ಮೇಜಿಗೆ ಬಂದು ಆ ಚಿತ್ರ ತೆರೆಸಿದರು. ಉಳಿದವರು ಕೆಲಸ ಮಾಡುವವರ ಹಾಗೆ ಕುಳಿತಿದ್ದರು.

“ಭಾಯ್, ಇದು ನೀವು ಎಳೆದದ್ದಾ?”

ಕಾಕ ಪರದೆಯ ಕಡೆ ವಾಲಿದರು. ತಾವು ಎಳೆಯದ ಗೆರೆಯನ್ನು, ತಮಗೆ ಕಾಣದ ಗೆರೆಯನ್ನು, ನೋಡಿದರು. “ಹೌದು,” ಎಂದರು.

“ಇದು ಹಿಮವಾ? ಇಲ್ಲಿ ಅಂಚು ಎಲ್ಲಿದೆ, ತೋರಿಸಿ.”

ಕಾಕ ತೋರುಬೆರಳನ್ನು ಎತ್ತಿದರು. ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿದರು. ಬೆರಳು ಗಾಜಿನ ಮೇಲೆ ಮೆಲ್ಲಗೆ ಸರಿದು ಒಂದು ಕಡೆ ನಿಂತಿತು. ಅಲ್ಲಿ ಇದ್ದದ್ದು ಸಮುದ್ರ.

ಮ್ಯಾನೇಜರ್ ಧ್ವನಿ ತಗ್ಗಿಸಿದರು. “ಎಷ್ಟು ದಿನದಿಂದ?”

“ಮೊನ್ನೆ ಮೊನ್ನೆ,” ಎಂದರು ಕಾಕ. ನನ್ನ ಕಡೆ ತಿರುಗಲಿಲ್ಲ. ಅವರು ತಿರುಗಿದ್ದರೂ ನಾನು ಎದ್ದು ನಿಲ್ಲುತ್ತಿದ್ದೆನೇ ಎಂದು ನನಗೆ ಗೊತ್ತಿಲ್ಲ. ಆ ಸಂಜೆ ಅವರ ಪಾಸ್‌ವರ್ಡ್ ಮುಚ್ಚಿದರು. ಆ ವಾರವೇ ವೀಸಾ ರದ್ದು ಮಾಡುವ ಕಾಗದ ಹೋಯಿತು.

ಶನಿವಾರ ಬಸ್ಸು ಹತ್ತಿ ಅಲ್ ನಹ್ದಾಕ್ಕೆ ಹೋದೆ. ಆರನೆಯ ಮಹಡಿಯ ಮನೆ. ಹಾಲಿನಲ್ಲಿ ರಟ್ಟಿನ ಪೆಟ್ಟಿಗೆಗಳು. ಒಂದು ಪೆಟ್ಟಿಗೆಯ ಮೇಲೆ ಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಗಣಿತ ಮಾಡುತ್ತಿದ್ದಳು. ಕಾಕನ ಹೆಂಡತಿ ಚಹಾ ತಂದಿಟ್ಟು, “ನಿಮ್ಮ ಹೆಸರು ಇವರು ದಿನಾ ಹೇಳ್ತಿದ್ರು. ನೀವು ತುಂಬ ಸಹಾಯ ಮಾಡಿದ್ದೀರಿ,” ಎಂದರು. ಅವರು ಅಡುಗೆಮನೆಗೆ ಹೋಗುವವರೆಗೆ ಚಹಾದ ಲೋಟ ಹಿಡಿದುಕೊಂಡೇ ಇದ್ದೆ. ಆಮೇಲೆ ಕಾಕನಿಗೆ, ಬಾಲ್ಕನಿಯಲ್ಲಿ, ಒಣಗಿಸಿದ ಬಟ್ಟೆಗಳ ನಡುವೆ, ಎಲ್ಲವನ್ನೂ ಹೇಳಿದೆ. ಡಿಸೆಂಬರಿನ ಗೆರೆ ತಾನಾಗಿ ಕೆಟ್ಟದ್ದಲ್ಲ, ನಾನು ಕೆಡಿಸಿದ್ದು ಎಂದೂ ಹೇಳಿದೆ.

ಅವರು ತಂತಿಯ ಮೇಲಿನ ಒಂದು ಅಂಗಿ ತೆಗೆದು ಮಡಚಿದರು.

“ಜನವರಿ ಕೊನೆಗೆ ಬಿಡ್ತೇವೆ ಅಂತ ಹೇಳಿದಾಗ ನಾನು ದಿನ ಎಣಿಸಿದ್ದೆ ಮಗಳೇ,” ಎಂದರು. “ವೀಸಾ ರದ್ದಾದ ಮೇಲೆ ಇರ್ಲಿಕ್ಕೆ ದಿನ ಕೊಡ್ತಾರಲ್ಲ, ಅದನ್ನೂ ಸೇರಿಸಿದ್ರೆ ಅವಳ ಕಡೆಯ ಪೇಪರ್ ದಾಟ್ತಿತ್ತು. ಎರಡು ದಿನ ಮಿಕ್ಕುತ್ತಿತ್ತು.”

ಕ್ಯಾಲೆಂಡರಿನ ಮುಂದೆ ಅವರು ನೋಡುತ್ತಿದ್ದದ್ದು ಅದನ್ನು.

“ನನಗೆ ಗೊತ್ತಿರ್ಲಿಲ್ಲ ಕಾಕ.”

“ಕೇಳಿದ್ರೆ ಹೇಳ್ತಿದ್ದೆ.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. “ನಿನ್ನ ಹತ್ರ ಎಲ್ಲ ಉಂಟು ಮಾರಾಯ್ತಿ. ಬಾಯಿ ಮಾತ್ರ ಇಲ್ಲ, ಮಾಫಿ.”

ಉಪಾಯಗಳ ಮಾತು ಬಂತು. ಮಗಳನ್ನು ವಿಸಿಟ್ ವೀಸಾದಲ್ಲಿ ಉಳಿಸಿಕೊಳ್ಳುವುದು ಆಗಲೇ ಯೋಚಿಸಿ ಬಿಟ್ಟ ವಿಷಯವಾಗಿತ್ತು. ಉಳಿಸಿಕೊಳ್ಳಲು ಇಲ್ಲಿ ಹತ್ತಿರದ ಸಂಬಂಧಿಕರಿಲ್ಲ. ತಾಯಿಯೂ ಉಳಿದರೆ ಊರಿನಲ್ಲಿ ಕಾಕನನ್ನು ಕಣ್ಣಿನ ಆಸ್ಪತ್ರೆಗೆ ಕೈಹಿಡಿದು ಕರೆದೊಯ್ಯುವವರಿಲ್ಲ. ನಾನು ಒಂದು ಕೋಣೆಯಲ್ಲಿ ನಾಲ್ವರು ಹುಡುಗಿಯರು ಹಂಚಿಕೊಂಡ ಬೆಡ್‌ಸ್ಪೇಸಿನಲ್ಲಿದ್ದೆ. ಆದರೂ, “ನನ್ನ ಹತ್ರ ಇರ್ಲಿ,” ಎಂದೆ. ಕಾಕ, “ಎಲ್ಲಿ, ಮಂಚದ ಅಡಿಯಲ್ಲಾ?” ಎಂದರು.

ಒಳಗೆ ಬಂದಾಗ ಹುಡುಗಿ ತಲೆಯೆತ್ತಿದಳು. ಹದಿನೇಳು ವರ್ಷ, ದಪ್ಪ ಕನ್ನಡಕ, ಕೈಯಲ್ಲಿ ಹೈಲೈಟರ್. ಅವಳು ಇಂಗ್ಲಿಷಿನಲ್ಲಿ ಕೇಳಿದಳು, ಅಪ್ಪನನ್ನು ಮಾತ್ರ ಉಪ್ಪ ಎಂದಳು. ಕನ್ನಡದಲ್ಲಿ ಅವಳು ತಡವರಿಸುತ್ತಾಳೆ. “ಅಕ್ಕಾ, ನೀವು ಅವರ ಪಕ್ಕದಲ್ಲೇ ಕೂರುತ್ತಿದ್ದಿರಿ ತಾನೆ? ಉಪ್ಪನ ಕಣ್ಣು ಹೀಗಾಗಿದೆ ಎಂದು ನಿಮಗೆ ಗೊತ್ತಿರಲಿಲ್ಲವಾ? ಯಾರಾದರೂ ಮೊದಲೇ ಹೇಳಿದ್ದರೆ ಆಗಲೇ ಇಂಜೆಕ್ಷನ್ ಹಾಕಿಸಬಹುದಿತ್ತು.”

ಮನೆಯಲ್ಲಿ ಕಣ್ಣಿನ ವಿಷಯ ಆ ವಾರವಷ್ಟೇ ತಿಳಿದಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ಮೇಯಿಂದ ಡಿಸೆಂಬರಿನವರೆಗೆ ಅದನ್ನು ಬಲ್ಲವಳು ನಾನೊಬ್ಬಳೇ. ಗೆರೆಯ ಬಗ್ಗೆ ಯೋಚಿಸಿದಷ್ಟು ಆ ಕಣ್ಣಿನ ಬಗ್ಗೆ ನಾನು ಯೋಚಿಸಿರಲಿಲ್ಲ.

ನಾನು ಬಾಯಿ ತೆರೆದೆ. ಕಾಕ ನನಗಿಂತ ಮೊದಲು ಮಾತಾಡಿದರು.

“ಅವಳಿಗೆ ಹೇಗೆ ಗೊತ್ತಾಗ್ತದೆ? ನಾನು ಯಾರಿಗೂ ಹೇಳ್ಲಿಲ್ಲ. ನಿನ್ನ ಉಮ್ಮನಿಗೇ ಹೇಳ್ಲಿಲ್ಲ. ನನ್ನದೇ ತಪ್ಪು. ಲೆಕ್ಕ ಮಾಡು ನೀನು.”

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳು. ನಾನು ಹೇಳಲಿಲ್ಲ. ಅವಳು ಪುಸ್ತಕದ ಕಡೆ ತಿರುಗಿದಳು.

ಜನವರಿಯಲ್ಲಿ ಅವರು ಹೋದರು. ಹೊರಡುವ ಹಿಂದಿನ ದಿನದವರೆಗೂ ಹುಡುಗಿ ಶಾಲೆಗೆ ಹೋಗಿ ಪ್ರೀ-ಬೋರ್ಡ್ ಪರೀಕ್ಷೆ ಬರೆದಳಂತೆ. ಮಾರ್ಚಿನ ಪರೀಕ್ಷೆಗೆ ಕೂರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಕಾಕನ ಬಲಗಣ್ಣಿಗೆ ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದಿದ್ದಾರೆ. ಎಡಗಣ್ಣಿಗೆ ಇಂಜೆಕ್ಷನ್ ನಡೆಯುತ್ತಿದೆ. ಇದನ್ನೆಲ್ಲ ತಿಳಿಸಿದವರು ಅವರ ಹೆಂಡತಿ. ಹುಡುಗಿಗೆ ನಾನು ಎರಡು ಸಲ ಸಂದೇಶ ಬರೆದು, ಕಳಿಸದೆ ಅಳಿಸಿದ್ದೇನೆ.

ಏಪ್ರಿಲಿನಲ್ಲಿ ಅಲ್ಲಿನ ಬೇಸಿಗೆಯ ಕೊನೆಯ ಚಿತ್ರ ಬಂತು. ಮೋಡವೇ ಇರಲಿಲ್ಲ. ಬಿಸಿಲಿನ ಬದಿಯನ್ನು ಒಂದು ದಿನದಲ್ಲಿ ಮುಗಿಸಿದೆ. ದಕ್ಷಿಣಕ್ಕೆ ಬಂದಾಗ ಗೆರೆಯನ್ನು ತುಂಡು ತುಂಡಾಗಿ ಎಳೆದು, ಪಕ್ಕದಲ್ಲಿ ‘ಖಚಿತವಿಲ್ಲ’ ಎಂದು ಟಿಪ್ಪಣಿ ಹಾಕಿ ಕಳಿಸಿದೆ. ಮ್ಯಾನೇಜರ್ ವಾಪಸು ಕಳಿಸಿದರು. ಹೋದ ವರ್ಷ ಇದೇ ಭಾಗ ಇಷ್ಟು ಚೆನ್ನಾಗಿ ಹೊಂದಿತ್ತಲ್ಲ, ಈಗೇನು ಅನುಮಾನ, ಎಂದು ಕೇಳಿದರು. ನಾನು ಟಿಪ್ಪಣಿ ತೆಗೆದೆ. ತುಂಡುಗಳನ್ನು ಒಂದೊಂದಾಗಿ ಸೇರಿಸಿ ಗೆರೆಯನ್ನು ಅಖಂಡ ಮಾಡಿದೆ.